ತಾರೀಖು ತಪ್ಪದ ಉದ್ರಿ: ಕ್ರೆಡಿಟ್ ಕಾರ್ಡಿನಿಂದ ಸ್ಕೋರ್ ಬೆಳೆಸುವ ಬಗೆ

ಕಲಬುರಗಿಯ ನೆಹರೂ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ನನಗೆ ಹತ್ತೊಂಬತ್ತು ವರ್ಷವಾಯಿತು. ತೊಗರಿ ಬರುವ ಕಾಲದಲ್ಲಿ ಯಾವ ದಾಲ್ ಮಿಲ್ಲಿನವರಿಗೆ ಎಷ್ಟು ಚೀಲ ಉದ್ರಿ ಕೊಡಬಹುದು ಎಂದು ಸಾಹುಕಾರರು ನನ್ನನ್ನೇ ಕೇಳುತ್ತಾರೆ. ಖಾತೆ ಪುಸ್ತಕ ತೆರೆದಾಗ ನಾನು ಮೊದಲು ನೋಡುವುದು ತಾರೀಖಿನ ಕಲಮು. ಹೇಳಿದ ದಿನಕ್ಕೆ ಹಣ ತಂದವರಿಗೆ ಐವತ್ತು ಚೀಲ ಕೊಟ್ಟಲ್ಲಿ ನೂರು ಚೀಲವೂ ಸಿಗುತ್ತದೆ. ನಾಲ್ಕು ಸಲ ಸತಾಯಿಸಿ ಐದನೆಯ ಸಲ ಪೂರ್ತಿ ಕೊಟ್ಟವರಿಗೆ ಹತ್ತು ಚೀಲವೂ ಕಷ್ಟ. ಸಾಲ ತೀರಿಸುವ ರೀತಿ ನೋಡಿ ನಮಗೆ ಕೊಡುವ ಅಂಕ, ಅಂದರೆ ಕ್ರೆಡಿಟ್ ಸ್ಕೋರ್ ಎಂಬುದು ಇದೇ ಪುಸ್ತಕ, ಬರೆಯುವವರು ಮಾತ್ರ ಬೇರೆ.

ಇಷ್ಟು ತಿಳಿದಿದ್ದರೂ ನನ್ನ ಸ್ವಂತ ಪತ್ತಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಮನೆಯ ಮಾಳಿಗೆ ಸೋರುತ್ತಿತ್ತು, ರಿಪೇರಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕಂಪ್ಯೂಟರಿನಲ್ಲಿ ನೋಡಿ, "ನಿಮ್ಮ ಹೆಸರಿನಲ್ಲಿ ಏನೂ ಇಲ್ಲವಲ್ಲ ಮೇಡಂ" ಎಂದರು. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, 750 ದಾಟಿದರೆ ಬ್ಯಾಂಕಿನವರು ನಂಬಿಕೆಯಿಂದ ನೋಡುತ್ತಾರೆ. ನನ್ನದು ಕಡಿಮೆ ಇದ್ದದ್ದಲ್ಲ, ಇರಲೇ ಇಲ್ಲ. ಜೀವಮಾನವಿಡೀ ರೊಕ್ಕ ಕೊಟ್ಟು ಕೊಂಡವಳಿಗೆ ಸಾಲ ತೀರಿಸಿದ ದಾಖಲೆ ಎಲ್ಲಿಂದ ಬರಬೇಕು?

ನಿಮ್ಮದೂ ಇದೇ ಸ್ಥಿತಿಯಾಗಿದ್ದರೆ ಸುಲಭದ ದಾರಿಯೆಂದರೆ ಠೇವಣಿಯ ಮೇಲಿನ ಕಾರ್ಡು. ನಾನು 30,000 ರೂಪಾಯಿ ನಿಶ್ಚಿತ ಠೇವಣಿ ಇಟ್ಟೆ, ಅದರ ಮೇಲೆ 24,000 ರೂಪಾಯಿ ಮಿತಿಯ ಕ್ರೆಡಿಟ್ ಕಾರ್ಡ್ ಕೊಟ್ಟರು. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ, ಸಂಬಳದ ಚೀಟಿಗಾಗಿ ಯಾರೂ ಪೀಡಿಸುವುದಿಲ್ಲ. ವಾರ್ಷಿಕ ಶುಲ್ಕವಿಲ್ಲದ ಕಾರ್ಡನ್ನೇ ಕೇಳಿ ಪಡೆಯಿರಿ.

ಕಾರ್ಡು ಬಂದ ದಿನವೇ ಎರಡು ತಾರೀಖುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ: ಬಿಲ್ ಆಗುವ ದಿನ, ಕಟ್ಟಲು ಕೊನೆಯ ದಿನ. ನನ್ನ ಬಿಲ್ ಮೊದಲು 10ನೇ ತಾರೀಖಿಗೆ ಆಗುತ್ತಿತ್ತು, ಕಟ್ಟಬೇಕಾದದ್ದು 28ಕ್ಕೆ. ನನಗೆ ಸಂಬಳ ಬರುವುದು 1ಕ್ಕೆ, 28ರ ಹೊತ್ತಿಗೆ ಕೈ ಬರಿದು. ಬಿಲ್ಲಿನ ದಿನವನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕಾರ್ಡುದಾರರಿಗೆ ಕೊಟ್ಟಿದೆ. ಕೇಳಿ 18ಕ್ಕೆ ಮಾಡಿಸಿಕೊಂಡೆ. ಈಗ ಕೊನೆಯ ದಿನ 5 ಅಥವಾ 6ಕ್ಕೆ ಬರುತ್ತದೆ, ಸಂಬಳ ಬಂದ ಕೂಡಲೇ ಮೊದಲು ಹೋಗುವ ಹಣ ಅದೇ. ಈ ಒಂದು ಬದಲಾವಣೆಯಷ್ಟು ನನಗೆ ಬೇರೇನೂ ನೆರವಾಗಲಿಲ್ಲ.

ಕಾರ್ಡಿನಲ್ಲಿ ಏನು ಕೊಳ್ಳಬೇಕು? ಹೇಗೂ ಖರ್ಚು ಮಾಡಲೇಬೇಕಾದದ್ದನ್ನು ಮಾತ್ರ. ನನ್ನದು ಜೆಸ್ಕಾಂ ಕರೆಂಟ್ ಬಿಲ್, ಗ್ಯಾಸ್ ಸಿಲಿಂಡರ್, ಮೊಬೈಲ್ ರೀಚಾರ್ಜ್, ತಿಂಗಳ ಕಿರಾಣಿ. ಎಲ್ಲ ಸೇರಿ ಆರು ಸಾವಿರ ದಾಟುವುದಿಲ್ಲ. ಮಿತಿಯ ಶೇಕಡಾ 30ರೊಳಗೆ ಇರಬೇಕು ಎಂಬುದು ರೂಢಿಯ ಲೆಕ್ಕ. 24,000ಕ್ಕೆ ಅದು 7,200. ಮಿತಿ ತುಂಬುವವರೆಗೆ ಬಳಸುವವರನ್ನು ಕಂಡರೆ ಕೈ ಬಿಗಿಯಾಗಿದೆ ಎಂದು ಸಾಲ ಕೊಡುವವರು ಅರ್ಥಮಾಡಿಕೊಳ್ಳುತ್ತಾರೆ. ಒಂದು ತಿಂಗಳು ಹೊಲಿಗೆ ಯಂತ್ರ ಕೊಂಡಿದ್ದರಿಂದ 15,000 ಆಯಿತು. ಬಿಲ್ ಆಗುವವರೆಗೆ ಕಾಯದೆ ಆ ವಾರದಲ್ಲೇ ಹತ್ತು ಸಾವಿರ ಕಟ್ಟಿಬಿಟ್ಟೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ನಮ್ಮ ಬಾಕಿಯನ್ನು ಸ್ಕೋರ್ ಲೆಕ್ಕ ಹಾಕುವ ಕಂಪನಿಗಳಿಗೆ ತಿಳಿಸಬೇಕು. ಹಾಗಾಗಿ ಬೇಗ ಇಳಿಸಿದ ಬಾಕಿ ಬೇಗ ಕಾಣುತ್ತದೆ.

ಈಗ ನನ್ನ ತಮ್ಮನ ಕಥೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸೂಪರ್ ಮಾರ್ಕೆಟ್ ಹತ್ತಿರ ಅವನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. 40,000 ಮಿತಿಯ ಕಾರ್ಡಿನಲ್ಲಿ ಅಂಗಡಿಗೆ ಸಾಮಾನು ತಂದ, ಬಿಲ್ 38,400 ಆಯಿತು. "ಅಕ್ಕಾ, ನಾನು ಒಂದು ತಿಂಗಳೂ ತಪ್ಪಿಸಿಲ್ಲ, ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. ಆದರೂ ಸ್ಕೋರ್ 668 ತೋರಿಸುತ್ತಿದೆ" ಎಂದ. ಮೊಬೈಲ್ ಇಸಿದುಕೊಂಡು ನೋಡಿದೆ. ತಾನಾಗಿ ಕಟ್ಟುವ ವ್ಯವಸ್ಥೆಯಲ್ಲಿ ಎರಡು ಆಯ್ಕೆಗಳಿದ್ದವು: ಪೂರ್ಣ ಬಾಕಿ, ಕನಿಷ್ಠ ಬಾಕಿ. ಅವನು ಕನಿಷ್ಠ ಬಾಕಿಗೆ ಗುರುತು ಹಾಕಿದ್ದ.

ಅಂಗಡಿಯ ಮೇಜಿನ ಮೇಲೆಯೇ ಲೆಕ್ಕ ಹಾಕಿ ತೋರಿಸಿದೆ. ಬಿಲ್ 38,400, ಕನಿಷ್ಠ ಬಾಕಿ ಶೇಕಡಾ 5ರಂತೆ 1,920. ಉಳಿದದ್ದು 36,480. ಅವನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3.5, ಅಂದರೆ 1,277 ರೂಪಾಯಿ. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 230 ರೂಪಾಯಿ. ಕಟ್ಟಿದ 1,920ರಲ್ಲಿ 1,507 ಬಡ್ಡಿ ಮತ್ತು ತೆರಿಗೆಗೆ ಹೋಯಿತು, ಸಾಲ ಇಳಿದದ್ದು 413. ಹೊಸದಾಗಿ ಏನೂ ಕೊಳ್ಳದೆ ಹನ್ನೊಂದು ತಿಂಗಳು ಹೀಗೆ ಕಟ್ಟಿದ್ದ. ಒಟ್ಟು ಕೊಟ್ಟದ್ದು ಸುಮಾರು 20,000 ರೂಪಾಯಿ, ಬಾಕಿ ಇನ್ನೂ 34,000ದಷ್ಟು ನಿಂತಿತ್ತು. ಕನಿಷ್ಠ ಬಾಕಿಯನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಅವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ದಿನ ತಪ್ಪಿಸದಿದ್ದರೂ ಮಿತಿ ಸದಾ ತುಂಬಿಯೇ ಇದ್ದದ್ದರಿಂದ ಸ್ಕೋರ್ ಕುಸಿದಿತ್ತು.

ಹೀಗೆ ಸಿಕ್ಕಿಬಿದ್ದವರು ದೊಡ್ಡ ಬಡ್ಡಿಯ ಸಾಲವನ್ನು ಸಣ್ಣ ಬಡ್ಡಿಯ ಸಾಲದಿಂದ ತೀರಿಸಬೇಕು. ನನ್ನ ಎರಡು ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟೆವು. ಬಡ್ಡಿ ವರ್ಷಕ್ಕೆ ಶೇಕಡಾ 9.5, ಕಾರ್ಡಿನದು ವರ್ಷಕ್ಕೆ 42. ಕಾರ್ಡಿನ ಬಾಕಿಯನ್ನು ಒಂದೇ ದಿನ ತೀರಿಸಿ, ತಿಂಗಳಿಗೆ 3,000ದಂತೆ ಬಂಗಾರದ ಸಾಲ ಕಟ್ಟಲು ತಮ್ಮನನ್ನು ಒಪ್ಪಿಸಿದೆ. ಬಾಕಿ ನಿಂತಾಗ ವಸೂಲಿಯವರು ಫೋನ್ ಮಾಡಿ, ಅರ್ಧ ಕೊಟ್ಟು ಮುಗಿಸಿ, ಸೆಟಲ್ಮೆಂಟ್ ಮಾಡಿಕೊಳ್ಳಿ ಎನ್ನುವುದುಂಟು. ಬೇರೆ ದಾರಿ ಇರುವವರೆಗೆ ಒಪ್ಪಬೇಡಿ. ಪೂರ್ತಿ ತೀರಿಸಿಲ್ಲ ಎಂಬ ಗುರುತು ಆ ಕಂಪನಿಗಳು ಇಡುವ ನಿಮ್ಮ ಸಾಲದ ವರದಿಯಲ್ಲಿ ವರ್ಷಗಳ ಕಾಲ ಉಳಿಯುತ್ತದೆ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ಹಣ ತೆಗೆಯಬೇಡಿ, ಅದಕ್ಕೆ ಅಂದಿನಿಂದಲೇ ಬಡ್ಡಿ, ಮೇಲೆ ಶುಲ್ಕ. ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಕಮಿಷನ್ ಹಿಡಿದು ನಗದು ಕೊಡುವವರ ಹತ್ತಿರವೂ ಹೋಗಬೇಡಿ. ಒಂದೇ ವಾರದಲ್ಲಿ ಮೂರು ಕಡೆ ಕಾರ್ಡಿಗೆ ಅರ್ಜಿ ಹಾಕಿದರೆ ನಿಮ್ಮ ಬಗ್ಗೆ ಬ್ಯಾಂಕಿನವರು ವಿಚಾರಿಸಿದ್ದು ಮೂರೂ ಸಲ ವರದಿಯಲ್ಲಿ ದಾಖಲಾಗಿ ಸ್ಕೋರ್ ಇಳಿಯುತ್ತದೆ. ಕಟ್ಟುವ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ತಡವೆಂದು ವರದಿ ಮಾಡಬೇಕು ಎಂಬ ನಿಯಮವಿದೆ. ಅದನ್ನು ಆಪತ್ತಿಗೆ ಇಟ್ಟುಕೊಳ್ಳಿ, ನಿಮ್ಮ ತಾರೀಖು ಕೊನೆಯ ದಿನಕ್ಕಿಂತ ಎರಡು ದಿನ ಮೊದಲೇ ಇರಲಿ. ಶುಲ್ಕವಿಲ್ಲದ ಹಳೆಯ ಕಾರ್ಡನ್ನು ರದ್ದು ಮಾಡದೆ ಇಟ್ಟುಕೊಳ್ಳಿ, ಖಾತೆ ಹಳೆಯದಾದಷ್ಟೂ ಬೆಲೆ ಹೆಚ್ಚು. ಮೋಸದಿಂದ ಹಣ ಹೋದರೆ ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ವರದಿ ನೋಡುವ ಅಭ್ಯಾಸ ನಮ್ಮಲ್ಲಿ ತೀರ ಕಡಿಮೆ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾನು ಮೂರು ತಿಂಗಳಿಗೊಂದು ಕಂಪನಿಯಂತೆ ತೆಗೆಯುತ್ತೇನೆ, ವರ್ಷಪೂರ್ತಿ ಕಣ್ಣಿಟ್ಟಂತಾಗುತ್ತದೆ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ನಮ್ಮ ಊರಿನಲ್ಲಿ ಶರಣಬಸಪ್ಪ, ಶರಣಮ್ಮ ಎಂಬ ಹೆಸರು ಓಣಿಗೆ ನಾಲ್ಕು, ಎಷ್ಟೋ ಸಲ ತಂದೆಯ ಹೆಸರೂ ಒಂದೇ. ಹಾಗಾಗಿ ಪಾನ್ ಸಂಖ್ಯೆ, ಹುಟ್ಟಿದ ದಿನ ಸರಿಯಾಗಿವೆಯೇ ಎಂದು ಮೊದಲು ನೋಡಿ. ನನ್ನ ಹೆಸರಿನಡಿ ಯಾರದೋ ಬೈಕ್ ಸಾಲ ಕುಳಿತಿತ್ತು. ಆನ್‌ಲೈನಿನಲ್ಲಿ ದೂರು ಕೊಟ್ಟೆ, ತೆಗೆದುಹಾಕಿದರು. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ, ಧೈರ್ಯವಾಗಿ ಕೇಳಿ. ವಿಳಾಸದಲ್ಲಿ ಒಂದು ಕಡೆ ಗುಲ್ಬರ್ಗಾ, ಇನ್ನೊಂದು ಕಡೆ ಕಲಬುರಗಿ ಎಂದಿದ್ದರೆ ಗಾಬರಿಯಾಗಬೇಡಿ. 2014ರಲ್ಲಿ ಹೆಸರು ಬದಲಾಗುವ ಮೊದಲಿನ ದಾಖಲೆಗಳು ಹಾಗೆಯೇ ಉಳಿದಿವೆ.

ತಾಯಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮ ಹೆಸರಿನ ಮೈಕ್ರೋಫೈನಾನ್ಸ್ ಸಾಲವೂ ಈ ವರದಿಗಳಿಗೆ ಹೋಗುತ್ತದೆ. ಬೇರೆಯವರಿಗಾಗಿ ನಿಮ್ಮ ಹೆಸರಿನಲ್ಲಿ ಸಾಲ ಎತ್ತಿಕೊಟ್ಟರೆ, ಅವರು ತಪ್ಪಿಸಿದ ಕಂತು ನಿಮ್ಮ ಹೆಸರಿನಲ್ಲೇ ಬೀಳುತ್ತದೆ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದರೂ ಹಾಗೆಯೇ. ಇಲ್ಲ ಎನ್ನಲು ಸಂಕೋಚವಾಗುತ್ತದೆ ಎಂದು ನನಗೆ ಗೊತ್ತು. ಆದರೂ ಹೇಳಿ.

ಎಂಟನೆಯ ತಿಂಗಳಿಗೆ ನನ್ನ ಸ್ಕೋರ್ 742 ಬಂತು, ಮುಂದಿನ ಮಳೆಗಾಲದೊಳಗೆ ಸಾಲವೂ ಸಿಕ್ಕಿ ಮಾಳಿಗೆ ಸೋರುವುದು ನಿಂತಿತು. ತಮ್ಮ ಕೊನೆಯ 3,000 ಕಟ್ಟಿ ಬಳೆ ಬಿಡಿಸಿ ತಂದದ್ದು ಎಳ್ಳಮಾವಾಸ್ಯೆಯ ಮುನ್ನಾದಿನ. ಮರುದಿನ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಬಡಿಸುವಾಗ ಅವು ನನ್ನ ಕೈಯಲ್ಲಿದ್ದವು.