ನಾಮಕರಣಕ್ಕೆ ಬೆಳ್ಳಿ ಗಿಲಕಿ: ಕೊಳ್ಳುವ ಮುನ್ನ ಅಲ್ಲಾಡಿಸಿ, ಅಳೆಯಿರಿ

ನಾಮಕರಣದ ಮನೆಗೆ ಬೆಳ್ಳಿ ಲೋಟ, ಒಳಲೆ, ಕಾಲ್ಗೆಜ್ಜೆ ಹೇಗೂ ಬಂದೇ ಬರುತ್ತವೆ. ನಾಲ್ಕನೆಯ ಲೋಟ ನಮ್ಮದಾಗುವುದು ಬೇಡ ಎನ್ನುವವರು ಗಿಲಕಿ ಕೇಳುತ್ತಾರೆ. ಒಳ್ಳೆಯ ಆಯ್ಕೆಯೇ. ಆದರೆ ಲೋಟ ಕೊಳ್ಳುವಾಗ ಬೇಕಿಲ್ಲದ ಎಚ್ಚರ ಇಲ್ಲಿ ಬೇಕು. ನಾಲ್ಕೈದು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಗಿಲಕಿಯನ್ನು ಬಿಟ್ಟೀತೆ?

ಮೊದಲು ಆಕಾರ ನೋಡಿ. ಅಂಗಡಿಯಲ್ಲಿ ಕಣ್ಣು ಸೆಳೆಯುವುದು ಸುತ್ತಲೂ ಪುಟ್ಟ ಗೆಜ್ಜೆ ಜೋತಾಡುವ ಗಿಲಕಿ. ನನ್ನನ್ನು ಕೇಳಿದರೆ ಅದು ಬೇಡವೇ ಬೇಡ. ಗೆಜ್ಜೆಯನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದು ತೆಳು ಕೊಂಡಿ. ಅದು ಬಾಯಿಬಿಟ್ಟು ಗೆಜ್ಜೆ ಕಳಚಿದರೆ ಮಗುವಿನ ಉಸಿರು ಕಟ್ಟಲು ಅಷ್ಟು ಸಾಕು. ಮೀನಾಕಾರಿ ಬಣ್ಣ, ಅಂಟಿಸಿದ ಕಲ್ಲು ಇರುವುದನ್ನೂ ಪಕ್ಕಕ್ಕಿಡಿ. ಎರಡೂ ತುದಿಯಲ್ಲಿ ದಪ್ಪ ಗುಂಡಿರುವ, ಏನೂ ಜೋತಾಡದ ಸಾದಾ ಗಿಲಕಿ ಸಾಕು.

ಗುಂಡು ಎಷ್ಟು ದಪ್ಪವಿರಬೇಕು? ಮನೆಯಿಂದ ಹೊರಡುವ ಮುನ್ನ ಗಟ್ಟಿ ರಟ್ಟಿನಲ್ಲಿ 50 ಮಿ.ಮೀ. ಉದ್ದ, 35 ಮಿ.ಮೀ. ಅಗಲದ ಮೊಟ್ಟೆಯಾಕಾರದ ತೂತು ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ. ಗಿಲಕಿಯ ಯಾವ ತುದಿಯೂ ಆ ತೂತಿನೊಳಗೆ 30 ಮಿ.ಮೀ. ಆಳದವರೆಗೆ ಇಳಿಯಬಾರದು. ಅಮೆರಿಕದಲ್ಲಿ ಗಿಲಕಿಗಳಿಗೆಂದೇ ಇರುವ ಸುರಕ್ಷತಾ ನಿಯಮದ ಅಳತೆ ಇದು. ಒಂದೇ ಕಡೆ ಗುಂಡು, ಇನ್ನೊಂದು ಕಡೆ ಕಡ್ಡಿಯಂಥ ಹಿಡಿ ಇರುವ ಗಿಲಕಿಗಳು ಇಲ್ಲೇ ಫೇಲಾಗುತ್ತವೆ. ರಟ್ಟು ಹಿಡಿದು ನಿಂತವರನ್ನು ಕಂಡು ಅಂಗಡಿಯವರು ನಗಬಹುದು, ನಗಲಿ.

ಆಮೇಲೆ ಬೆಸುಗೆ. ಗುಂಡಿನ ಎರಡು ಅರ್ಧಗಳು ಸೇರುವ ಗೆರೆಯ ಮೇಲೆ ಹೆಬ್ಬೆರಳು ಓಡಿಸಿ, ಎಲ್ಲೂ ತರಚಬಾರದು. ಮೆಲ್ಲಗೆ ಒತ್ತಿದಾಗ ತಗಡು ಒಳಕ್ಕೆ ಹೋಗಿ ಟಪ್ಪೆಂದು ಹಿಂದಕ್ಕೆ ಬಂದರೆ ಅದು ತೀರಾ ತೆಳು. ಕ್ಯಾಡ್ಮಿಯಂ ಇಲ್ಲದ ಬೆಸುಗೆಯೇ ಎಂದು ಬಾಯಿಬಿಟ್ಟು ಕೇಳಿ. ಹಿಂದೆ ಒಡವೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ 'ಕೆಡಿಎಂ' ಎಂದರೆ ಕ್ಯಾಡ್ಮಿಯಂ ಬೆಸುಗೆ. ಅದು ವಿಷಕಾರಿ ಲೋಹ, ಮಗು ಚೀಪುವ ವಸ್ತುವಿನಲ್ಲಿ ಇರಕೂಡದು.

ಇನ್ನು ಶುದ್ಧತೆ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆತ್ತಗೆ, ಬೇಗ ನೆಗ್ಗುತ್ತದೆ. ಆದ್ದರಿಂದ ಗಿಲಕಿಗೆ 925 ಲೇಸು. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಆದರೆ 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ವಸ್ತುವಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ ಬಂದಿದೆ; ಅದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದೇ ಇಲ್ಲ. ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ ಅದು, ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಂದು ಮಾತು ನೆನಪಿರಲಿ: ಹಾಲ್‌ಮಾರ್ಕ್ ಹೇಳುವುದು ಲೋಹದ ಶುದ್ಧತೆಯನ್ನು ಮಾತ್ರ, ಆಟಿಕೆಯ ಸುರಕ್ಷತೆಯನ್ನಲ್ಲ.

ತೂಕದ ವಿಷಯದಲ್ಲಿ ಸಂಕೋಚ ಬೇಡ. ಗಿಲಕಿ ಸದ್ದು ಮಾಡುವುದು ಒಳಗಿನ ಕಾಳುಗಳಿಂದ, ಅವು ಉಕ್ಕಿನದೋ ಗಾಜಿನದೋ ಆಗಿರಬಹುದು. ಒಟ್ಟು ತೂಕಕ್ಕೆಲ್ಲ ಬೆಳ್ಳಿಯ ರೇಟು ಹಾಕಿದರೆ ಆ ಕಾಳಿಗೂ ಬೆಳ್ಳಿಯ ದುಡ್ಡು ಕೊಟ್ಟಂತೆ. 'ಕಾಳು ಕಳೆದು ನಿವ್ವಳ ತೂಕ ಎಷ್ಟು?' ಎಂದು ಕೇಳಿ. ನಿವ್ವಳ ತೂಕ, ಆ ದಿನದ ದರ, ಮಜೂರಿ, ಶೇ 3 ಜಿಎಸ್‌ಟಿ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಬರಲಿ. ಬೆಂಗಳೂರಿನವರು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಸುತ್ತ ನಾಲ್ಕು ಅಂಗಡಿಯ ಮಜೂರಿ ಹೋಲಿಸಿ ನೋಡಬಹುದು.

ಹೆಸರು ಕೆತ್ತಿಸುವ ಆಸೆ ಇದ್ದರೆ ಒಂದು ತೊಡಕು: ಹೆಸರು ಗೊತ್ತಾಗುವುದೇ ತೊಟ್ಟಿಲ ಶಾಸ್ತ್ರದ ದಿನ. ಹುಟ್ಟಿದ ತಾರೀಖನ್ನು ಮೊದಲು ಕೆತ್ತಿಸಿ ಹೆಸರಿಗೆ ಜಾಗ ಬಿಡಿಸಿ. ಕೆತ್ತನೆ ಹಿಡಿಯ ಮೇಲಿರಲಿ, ತೆಳು ಗುಂಡಿನ ಮೇಲೆ ಬೇಡ.

ಆಡಲು ಕೊಡುವಾಗ ದೊಡ್ಡವರು ಪಕ್ಕದಲ್ಲೇ ಕೂತಿರಬೇಕು. ತೊಟ್ಟಿಲಲ್ಲಿ ಬಿಟ್ಟು ಹೋಗಬೇಡಿ, ದಾರ ಕಟ್ಟಬೇಡಿ. ಮಲಗಿಕೊಂಡು ಬೀಸುವ ಮಗು ಭಾರದ ಗಿಲಕಿಯನ್ನು ತನ್ನ ಮುಖಕ್ಕೇ ಬಡಿದುಕೊಳ್ಳುತ್ತದೆ, ಹಾಗಾಗಿ ಮೊದಲ ತಿಂಗಳುಗಳಲ್ಲಿ ನೀವೇ ಅಲ್ಲಾಡಿಸಿ ತೋರಿಸಿ. ದಿನವಿಡೀ ಕಚ್ಚಾಡಲು ಚನ್ನಪಟ್ಟಣದ ಮರದ ಗಿಲಕಿ ಹಗುರ, ಬೆಲೆಯೂ ಕಡಿಮೆ. ಅದಕ್ಕೂ ರಟ್ಟಿನ ಪರೀಕ್ಷೆ ಮಾಡಿ.

ತೊಳೆಯುವಾಗ ನೀರಲ್ಲಿ ಮುಳುಗಿಸಬೇಡಿ. ಬೆಸುಗೆಯ ಸಣ್ಣ ರಂಧ್ರದಿಂದ ಒಳಹೊಕ್ಕ ನೀರು ಹೊರಬರುವುದು ಕಷ್ಟ. ಸೋಪು ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಕಪ್ಪಾದರೆ ಮನೆಯ ವಿಭೂತಿಯೇ ಸಾಕು, ಉಜ್ಜಿದ ಮೇಲೆ ಪುಡಿ ಉಳಿಯದಂತೆ ಒರೆಸಬೇಕು. ಪಾಲಿಷ್ ದ್ರಾವಣ ಬೇಡ. ಎತ್ತಿಡುವಾಗ ಹತ್ತಿ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಆಡುತ್ತಿರುವಷ್ಟು ಕಾಲ ವಾರಕ್ಕೊಮ್ಮೆ ಬೆಸುಗೆ ಗೆರೆ ನೋಡಿ, ನೆಗ್ಗಿದ್ದರೆ ಅಥವಾ ಸದ್ದು ಬದಲಾಗಿದ್ದರೆ ಮಗುವಿನ ಕೈಯಿಂದ ತೆಗೆದು ಅಕ್ಕಸಾಲಿಗರಿಗೆ ಕೊಡಿ.