ಹಳೇ ಕ್ಯಾಸೆಟ್‌ಗಳಿಂದ ಎಫ್‌ಎಂ ಕೇಂದ್ರದ ಚರಿತ್ರೆ ಹೊರತೆಗೆದ ಬಗೆ

ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ರೇಡಿಯೋ ಸಿಟಿ, ಬೆಂಗಳೂರಿನಲ್ಲಿ 2001ರ ಜುಲೈ 3ರಂದು ಶುರುವಾಯಿತು. ಮೊದಲಿಗೆ ಹಿಂದಿ, ಇಂಗ್ಲಿಷ್, ಕನ್ನಡದ ಬೆರಕೆ. ಬರಬರುತ್ತಾ ಕನ್ನಡ ಮುಂದೆ ಬಂತು. ಇಂಥ ಬದಲಾವಣೆ ಯಾವ ಹೊತ್ತಿನ ಕಾರ್ಯಕ್ರಮದಲ್ಲಿ, ಯಾವ ಕ್ರಮದಲ್ಲಿ ಆಯಿತು ಎಂದು ಕೇಂದ್ರದ ಘೋಷವಾಕ್ಯ ಹೇಳುವುದಿಲ್ಲ. ಕೇಳುಗರು ಮನೆಯಲ್ಲಿ ರೇಡಿಯೋದಿಂದ ತುಂಬಿಸಿಟ್ಟ ಕ್ಯಾಸೆಟ್ ಹೇಳುತ್ತದೆ.

ಕ್ಯಾಸೆಟ್ ಸಿಕ್ಕ ತಕ್ಷಣ ಪ್ಲೇ ಒತ್ತಬಾರದು. ಮೊದಲು ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಂಟಿಕೊಂಡ ಸುರುಳಿ ಸಡಿಲವಾಗುತ್ತದೆ. ದನಿ ಮಂಕಾಗಿದ್ದರೆ ಟೇಪನ್ನು ಬಯ್ಯುವ ಮುನ್ನ ಒಳಗಿನ ಪುಟ್ಟ ಫೆಲ್ಟ್ ಪ್ಯಾಡ್ ನೋಡಿ. ಗೋಂದು ಒಣಗಿ ಅದು ಉದುರಿದ್ದರೆ ಟೇಪು, ಅದನ್ನು ಓದುವ ಯಂತ್ರದ ಹೆಡ್‌ಗೆ ಒತ್ತುವುದಿಲ್ಲ. ಆಗ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಚಿಪ್ಪಿಗೆ ವರ್ಗಾಯಿಸುತ್ತೇನೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಮೋನೋದಲ್ಲಿ ಕೇಳುತ್ತಾ ಹೆಡ್ ಪಕ್ಕದ ಅಜಿಮತ್ ಸ್ಕ್ರೂವನ್ನು (ಹೆಡ್ಡಿನ ವಾಲಿಕೆ ಸರಿಪಡಿಸುವ ಸ್ಕ್ರೂ) ಕೂದಲೆಳೆಯಷ್ಟು ತಿರುಗಿಸಬೇಕು. ಮಾತಿನಲ್ಲಿ ‘ಸ’ಕಾರ ಚುರುಕಾದ ಕಡೆ ನಿಲ್ಲಿಸಿ. ನಂತರ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ಶಿಖರ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. 90 ನಿಮಿಷದ ಕ್ಯಾಸೆಟ್‌ಗೆ ಸ್ಟೀರಿಯೋದಲ್ಲಿ ಸುಮಾರು 1.5 ಜಿಬಿ ಜಾಗ ಬೇಕು.

ಮನೆಯ ಟೇಪ್‌ರೆಕಾರ್ಡರ್‌ಗಳ ವೇಗ ಸರಿ ಇರುವುದು ಅಪರೂಪ. ನಿಮಿಷ ಎಣಿಸುವ ಕೆಲಸಕ್ಕೆ ಇದು ದೊಡ್ಡ ತೊಡಕು. ಸೀಡಿಯಲ್ಲಿ 5 ನಿಮಿಷವಿರುವ ಹಾಡು ಟೇಪಿನಲ್ಲಿ 4 ನಿಮಿಷ 51 ಸೆಕೆಂಡಿಗೆ ಮುಗಿದರೆ ಟೇಪ್ ಶೇ. 3ರಷ್ಟು ವೇಗ. ಆದರೆ ಕೆಲವು ಕೇಂದ್ರಗಳು ಹಾಡನ್ನೇ ತುಸು ವೇಗವಾಗಿ ಹಾಕುವುದುಂಟು. ಹಾಗಾಗಿ ಹಾಡೊಂದನ್ನೇ ನಂಬದೆ ಕರೆಂಟಿನ ಗುಂಯ್ ಸದ್ದನ್ನೂ ನೋಡುತ್ತೇನೆ: ರೆಕಾರ್ಡ್ ಆದಾಗ ಸೇರಿಕೊಂಡ 50 ಹರ್ಟ್ಸ್ ಗೆರೆ ಸ್ಪೆಕ್ಟ್ರಮ್‌ನಲ್ಲಿ (ಸದ್ದಿನ ಆವರ್ತನಗಳನ್ನು ತೋರಿಸುವ ಚಿತ್ರದಲ್ಲಿ) 51.5ರ ಹತ್ತಿರ ಕಂಡರೆ ವೇಗದ ತಪ್ಪು ಖಚಿತ. ಸರಿಯಾಗಿ 50ರಲ್ಲೇ ಇನ್ನೊಂದು ಗೆರೆ ಕಂಡರೆ ಅದು ಈಗ ನುಡಿಸುತ್ತಿರುವ ಯಂತ್ರದ್ದು, ಲೆಕ್ಕಕ್ಕೆ ಬೇಡ.

ಕ್ಯಾಸೆಟ್ ಮೇಲೆ ಬರೆದ ತಾರೀಖನ್ನು ನಂಬಬೇಡಿ, ಒಂದೇ ಕ್ಯಾಸೆಟ್ಟಿಗೆ ನಾಲ್ಕಾರು ಸಲ ತುಂಬಿಸಿರುತ್ತಾರೆ. ಒಳಗಿನ ಗುರುತು ಹುಡುಕಿ. ರೇಡಿಯೋ ಸಿಟಿ ತನ್ನನ್ನು 91 ಎಂದು ಕರೆದುಕೊಂಡರೆ ಅದು ಹಳೆಯ ಕಾಲ, 91.1 ಎಂದರೆ ನಂತರದ್ದು. 91.1, 91.9, 92.7, 93.5, 94.3 ಹೀಗೆ ಬೆಂಗಳೂರಿನ ಕೇಂದ್ರಗಳು 0.8 ಮೆಗಾಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತಿದ್ದು 2005ರ ನೀತಿಯ, ಅಂದರೆ ಖಾಸಗಿ ಎಫ್‌ಎಂನ ಎರಡನೇ ಹಂತದ ಪರವಾನಗಿಗಳ ಹೊತ್ತಿಗೆ. ಆಕಾಶವಾಣಿಯ 101.3ರಲ್ಲಿ ‘ರೇನ್‌ಬೋ’ ಎಂಬ ಹೆಸರು ಕೇಳಿಸಿದರೆ 2001ಕ್ಕಿಂತ ಹಿಂದಿನದಲ್ಲ. ಫೋನ್‌–ಇನ್ ನಂಬರ್ ಇನ್ನೂ ಒಳ್ಳೆಯ ಸುಳಿವು: ಮೊದಲು 7 ಅಂಕಿ, ಆಮೇಲೆ ಮುಂದೆ 2 ಸೇರಿ 8. ಎಸ್ಸೆಮ್ಮೆಸ್ ಸಂಖ್ಯೆಗಳೂ ಹಾಗೇ, 4 ಅಂಕಿಯವು ಮುಂದೆ 5 ಸೇರಿಸಿಕೊಂಡು 5 ಅಂಕಿಯಾದವು. ಹೊಸ ಸಿನಿಮಾ ಹಾಡು ಬಂದರೆ ಚಿತ್ರದ ಬಿಡುಗಡೆಯ ದಿನ ಹಿಡಿಯಬೇಡಿ, ಆಡಿಯೋ ಮೊದಲೇ ಬಂದಿರುತ್ತದೆ.

ಇನ್ನು ಎಣಿಕೆ. ಹಾಡುಗಳ ಸಂಖ್ಯೆ ಲೆಕ್ಕ ಹಾಕಿದರೆ ದಾರಿ ತಪ್ಪುತ್ತೀರಿ; ಕನ್ನಡ ಸಿನಿಮಾ ಹಾಡು 5 ನಿಮಿಷ, ಇಂಗ್ಲಿಷ್ ಪಾಪ್ ಹಾಡು ಮೂರೂವರೆ. ಸೆಕೆಂಡುಗಳಲ್ಲಿ ಎಣಿಸಿ. ಹಾಡಿನ ಭಾಷೆ, ಹಾಡಿನ ವಯಸ್ಸು, ಆರ್‌ಜೆ (ನಿರೂಪಕರ) ಮಾತಿನ ಭಾಷೆ, ಜಾಹೀರಾತಿನ ಭಾಷೆ, ಜಿಂಗಲ್ (ಕೇಂದ್ರದ ಹೆಸರು ಹೇಳುವ ಪುಟ್ಟ ಹಾಡು) ಎಲ್ಲಕ್ಕೂ ಬೇರೆ ಬೇರೆ ಕಲಂ ಬೇಕು. ಇವು ಒಟ್ಟಿಗೆ ಬದಲಾಗುವುದಿಲ್ಲ. ಹಾಡು ಕನ್ನಡವಾದ ಮೇಲೂ ಮಾತು ಅರ್ಧ ಇಂಗ್ಲಿಷಿನಲ್ಲೇ ಉಳಿದಿರಬಹುದು. ಬೆಳಗಿನ 8ರ ಗಂಟೆಯನ್ನು ಬೆಳಗಿನ 8ರ ಜೊತೆಗೇ ಹೋಲಿಸಿ. ರಾತ್ರಿ 10ರ ಹಳೇ ಹಾಡುಗಳ ಕಾರ್ಯಕ್ರಮ ಕೇಳಿ ‘ಕೇಂದ್ರ ರೆಟ್ರೋ ಆಯಿತು’ ಎಂದು ಬರೆದರೆ ಅದು ತಪ್ಪು ಚರಿತ್ರೆ.

ಎಲ್ಲಕ್ಕಿಂತ ದೊಡ್ಡ ಮೋಸ ರೆಕಾರ್ಡಿಂಗನ್ನು ತುಸು ಹೊತ್ತು ತಡೆಯುವ ಪಾಜ್ ಗುಂಡಿಯದ್ದು. ಮನೆಯವರು ತುಂಬಿಸಿದ್ದು ಹಾಡಿಗಾಗಿ. ಆರ್‌ಜೆ ಬಾಯಿ ತೆರೆದರೆ ಪಾಜ್ ಒತ್ತುತ್ತಿದ್ದರು. ಕೇಂದ್ರದ ಸ್ವರೂಪ ತಿಳಿಯುವುದು ಹಾಡಿನ ನಡುವಿನ ಮಾತಿನಿಂದ, ಟೇಪಿನಲ್ಲಿ ಇಲ್ಲದಿರುವುದೂ ಅದೇ. ಪಾಜ್ ಒತ್ತಿದ ಕಡೆ ಅಲೆಯಾಕಾರದಲ್ಲಿ ಚೂಪಾದ ಕಡಿತ, ಚಟ್ ಸದ್ದು ಇರುತ್ತದೆ. ಗಂಟೆಗೆ ಎರಡಕ್ಕಿಂತ ಹೆಚ್ಚು ಕಡಿತ ಸಿಕ್ಕರೆ ಆ ಗಂಟೆಯಿಂದ ಮಾತು–ಜಾಹೀರಾತಿನ ಪ್ರಮಾಣ ತೆಗೆಯುವುದೇ ಇಲ್ಲ, ಹಾಡಿನ ಭಾಷೆಗೆ ಮಾತ್ರ ಬಳಸುತ್ತೇನೆ. ಬೇರೆ ಕೆಲಸದ ನಡುವೆ ಮರೆತು ಓಡಿದ ಟೇಪ್ ಸಿಕ್ಕರೆ ಅದು ಬಂಗಾರ.

ಬದಲಾವಣೆಯ ಕಾರಣಗಳನ್ನು ಟೇಪಿನ ಹೊರಗೆ ಹುಡುಕಬೇಕು. ಮೊದಲ ಹಂತದಲ್ಲಿ ಪರವಾನಗಿ ಶುಲ್ಕ ನಿಗದಿಯಾಗಿತ್ತು, ಮೇಲೆ ವರ್ಷಕ್ಕೆ ಶೇ. 15 ಏರಿಕೆ, ವರಮಾನ ಇರಲಿ ಬಿಡಲಿ ಕಟ್ಟಬೇಕು. 2005ರ ನೀತಿ ಪ್ರವೇಶ ಶುಲ್ಕದ ಜೊತೆ ವರಮಾನದ ಶೇ. 4 ಎಂದಿತು, ಕೇಂದ್ರಗಳು ಹೆಚ್ಚಿದವು. ಆದರೆ ಒಬ್ಬರಿಗೆ ಒಂದು ಊರಿನಲ್ಲಿ ಒಂದೇ ಕೇಂದ್ರ ಎಂಬ ನಿಯಮ ಆಗ ಇತ್ತು. ಇರುವುದೊಂದೇ ಆದಾಗ ಯಾರೂ ಅದನ್ನು ಗಜಲ್‌ಗೋ ಜಾನಪದಕ್ಕೋ ಮೀಸಲಿಡಲಿಲ್ಲ. ಎಲ್ಲರೂ ದೊಡ್ಡ ಗುಂಪಿನ ಹಿಂದೆ ಹೋದರು. ಕೇಂದ್ರಗಳು ಒಂದರಂತೆ ಇನ್ನೊಂದು ಕೇಳಿಸಲು ಈ ನಿಯಮವೇ ಮುಖ್ಯ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುದ್ದಿಗೂ ಅನುಮತಿ ಇರಲಿಲ್ಲ, ಹಾಗಾಗಿ ಟ್ರಾಫಿಕ್, ಹವಾಮಾನದ ಮಾತುಗಳನ್ನು ‘ಸುದ್ದಿ’ ಕಲಂಗೆ ಹಾಕಬೇಡಿ.

ಕೊನೆಗೆ ಬದಲಾವಣೆಯ ನಮೂದು ಬರೆಯುವಾಗ ಒಂದೇ ತಾರೀಖು ಕೊಡುವುದಿಲ್ಲ. ಹಳೇ ಸ್ವರೂಪ ಕೇಳಿದ ಕೊನೆಯ ಟೇಪ್, ಹೊಸ ಸ್ವರೂಪ ಕೇಳಿದ ಮೊದಲ ಟೇಪ್, ಎರಡರ ನಡುವಿನ ಅಂತರ ಇಷ್ಟು ತಿಂಗಳು ಎಂದು ಬರೆಯುತ್ತೇನೆ. ಪಕ್ಕದಲ್ಲಿ ಟೇಪಿನ ಸಂಖ್ಯೆ, ಮಗ್ಗುಲು, ನಿಮಿಷ.