ಬಂಡೆ, ಬೆಟ್ಟ ನೋಡಲು ಮನೆಮಂದಿಯೆಲ್ಲ ಕಾರಲ್ಲಿ: ಕಡಿಮೆ ಓಡಿಸಿ, ಜಾಸ್ತಿ ನೋಡಿ

ಬಂಡೆ ನೋಡಲು ಹೊರಟವರು ಎಷ್ಟೋ ಸಲ ಬರೀ ರಸ್ತೆ ನೋಡಿಕೊಂಡು ವಾಪಸ್ ಬರುತ್ತಾರೆ. ಒಂದೇ ದಿನಕ್ಕೆ ನಾಲ್ಕೈದು ಜಾಗ ತುರುಕಿದರೆ ಹೀಗೇ ಆಗುವುದು. ಹಾಗಾಗಿ ಮೊದಲ ಕೆಲಸ, ಪಟ್ಟಿಯಿಂದ ಅರ್ಧ ಜಾಗ ತೆಗೆದುಹಾಕುವುದು. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೂ ತೆಗೆಯಿರಿ. ದಿನಕ್ಕೆ ಒಂದು ದೊಡ್ಡ ಜಾಗ, ದಾರಿಯಲ್ಲಿ ಸಿಕ್ಕ ಒಂದೆರಡು ಚಿಕ್ಕವು ಸಾಕು.

ಹೊತ್ತು ನೋಡಿ ಹೊರಡಿ

ನೆತ್ತಿ ಮೇಲೆ ಸೂರ್ಯ ಇದ್ದಾಗ ಬಂಡೆಗಳು ಸಪ್ಪೆಯಾಗಿ ಕಾಣುತ್ತವೆ. ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗಲೇ ಬಿರುಕು, ಪದರ, ಉಬ್ಬುತಗ್ಗು ಎದ್ದು ಕಾಣುವುದು. ನೋಡುವುದನ್ನು ಆ ಎರಡು ಹೊತ್ತಿಗೆ ಇಟ್ಟುಕೊಳ್ಳಿ, ಓಡಿಸುವುದನ್ನು ಮಧ್ಯಾಹ್ನಕ್ಕೆ. ಮ್ಯಾಪ್ ಮೂರು ಗಂಟೆ ತೋರಿಸಿದರೆ ಘಾಟಿಯಲ್ಲಿ ನಾಲ್ಕೂವರೆ ಎಂದೇ ಲೆಕ್ಕ ಹಾಕಿ. ಆ ಮ್ಯಾಪನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ಸಿಗುವುದು ಅನುಮಾನ.

ಇಳಿಯುವಾಗ ಜೋಪಾನ

ಟೈರ್, ಸ್ಟೆಪ್ನಿ, ಕೂಲೆಂಟ್, ಬ್ರೇಕ್ ಎಲ್ಲ ಒಂದು ವಾರ ಮೊದಲೇ ತೋರಿಸಿಬಿಡಿ. ಬೆಟ್ಟ ಹತ್ತುವುದಕ್ಕಿಂತ ಇಳಿಯುವುದೇ ಅಪಾಯ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಒಂದು ಸಮತಟ್ಟಾದ ಕಡೆ ನಿಲ್ಲಿಸಿ, ತಣ್ಣಗಾಗಲು ಬಿಡಿ. ಹತ್ತಿದ ಗೇರಿನಲ್ಲೇ ಇಳಿ ಎನ್ನುವುದು ಅನುಭವಸ್ಥ ಡ್ರೈವರುಗಳ ಮಾತು. ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ನಿಮ್ಮದು ಆಟೊಮ್ಯಾಟಿಕ್ ಆಗಿದ್ದರೆ ಗೇರ್ ಇಳಿಸುವುದು ಹೇಗೆ ಎಂದು ಹೊರಡುವ ಮುಂಚೆಯೇ ಕಲಿತುಕೊಳ್ಳಿ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಮಾತ್ರ ಹಾಕಬೇಡಿ, ದಯವಿಟ್ಟು.

ಹಿಂದಿನ ಸೀಟಿನವರು

ಕಾರು ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಈ ಗೊಂದಲದಿಂದಲೇ ಹೊಟ್ಟೆ ತೊಳಸುವುದು. 2ರಿಂದ 12 ವರ್ಷದ ಮಕ್ಕಳಿಗೆ ಇದು ಜಾಸ್ತಿ. ಮೊಬೈಲ್ ಎತ್ತಿಡಿ, ದೂರದ ಬೆಟ್ಟ ತೋರಿಸಿ, ಕಿಟಕಿ ಸ್ವಲ್ಪ ಇಳಿಸಿ. ಕಿವಿ ಕಟ್ಟಿಕೊಂಡರೆ ಗುಟುಕು ಗುಟುಕಾಗಿ ನೀರು ಕುಡಿಸಿ. 1,000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು ಹೆಚ್ಚುತ್ತದೆ, ಸ್ವೆಟರ್ ಕೈಗೆ ಸಿಗುವಂತಿರಲಿ. 2,500 ಮೀಟರ್ ದಾಟಿದ ಮೇಲೆ ಯಾರಿಗಾದರೂ ತಲೆನೋವು, ವಾಕರಿಕೆ ಶುರುವಾದರೆ ಮತ್ತೆ ಮೇಲೇರಬೇಡಿ. ಜಾಸ್ತಿಯಾದರೆ ಕೆಳಗಿಳಿಯುವುದೇ ಮದ್ದು.

ಇನ್ನು ಬಂಡೆ

ಇಷ್ಟೆಲ್ಲ ಇದಕ್ಕೇ ಅಲ್ವಾ? ಸುಮ್ನೆ ಫೋಟೊ ತೆಗೆದು ಹೊರಟುಬಿಡಬೇಡಿ. ಈ ಕಲ್ಲು ಹೀಗೇಕಿದೆ ಎಂದು ಮಕ್ಕಳನ್ನು ಕೇಳಿ.

ಒಂದರ ಮೇಲೊಂದು ಕೂತ ಗ್ರಾನೈಟ್ ಗುಂಡುಗಳನ್ನು ಯಾರೂ ತಂದು ಜೋಡಿಸಿಲ್ಲ. ನೆಲದಡಿಯ ಬಂಡೆಯ ಬಿರುಕುಗಳಿಗೆ ನೀರು ಇಳಿಯಿತು. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗಿದ್ದರಿಂದ ಅವೇ ಮೊದಲು ಸವೆದವು. ಪುಡಿಯಾದದ್ದು ಮಳೆಗೆ ತೊಳೆದುಹೋಯಿತು, ಗುಂಡುಗಳು ಉಳಿದವು. ಪೆನ್ಸಿಲ್ ಕಟ್ಟಿನಂತಹ ಕಂಬಗಳು ಕಂಡರೆ ಅದು ಲಾವಾ. ಆರುವಾಗ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರಿದದ್ದು. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಇಂತಹ ಸುಮಾರು 40,000 ಕಂಬಗಳಿವೆ, ಹೆಚ್ಚಿನವು ಆರು ಮೂಲೆಯವು. ಮರಳುಗಲ್ಲಾದರೆ ಪದರಗಳನ್ನು ಎಣಿಸಲು ಹೇಳಿ. ಒಂದೊಂದೂ ಯಾವುದೋ ಕಾಲದಲ್ಲಿ ನದಿಯೋ ಗಾಳಿಯೋ ತಂದು ಸುರಿದ ಮರಳು. ಅದರ ಕೆಂಪು ಕಬ್ಬಿಣದ ತುಕ್ಕಿನದು.

ಮಳೆಯಾದ ಮೇಲೆ ಕಡಿದಾದ ಗೋಡೆಯ ಕೆಳಗೆ ಕಾರು ನಿಲ್ಲಿಸಬೇಡಿ, ಕಲ್ಲು ಉರುಳುತ್ತವೆ. ಇಕ್ಕಟ್ಟಾದ ಕಣಿವೆಗೆ ಇಳಿಯುವ ಮುಂಚೆ ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು, ಮೇಲಿನ ಊರುಗಳ ಹವಾಮಾನವನ್ನೂ ನೋಡಿ. ಅಮೆರಿಕದ ಆಂಟೆಲೋಪ್ ಕಣಿವೆಯಲ್ಲಿ 1997ರ ಆಗಸ್ಟ್‌ನಲ್ಲಿ 11 ಜನ ಪ್ರವಾಹಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಜೋರು ಮಳೆ ಸುರಿದಿದ್ದು ಅಲ್ಲಲ್ಲ, ದೂರದಲ್ಲಿ.

ಸಂಜೆ ಹೊರಡುವ ಮುಂಚೆ ಬಂಡೆಗೆ ಅಂಗೈ ಇಟ್ಟು ನೋಡಿ. ಮಕ್ಕಳ ಕೈಯನ್ನೂ ಇಡಿಸಿ. ಗಾಳಿ ತಣ್ಣಗಾಗಿದ್ದರೂ ಕಲ್ಲು ಇನ್ನೂ ಬೆಚ್ಚಗಿರುತ್ತದೆ.